ಗೋಬರ್ ಗ್ಯಾಸಿನ ಮುದ್ದೆ

“ಬುಟ್ಟಿ ಕೆಳಗಿಡೇ, ಕಳ್ಮುಂಡೆ. ಇನ್ಮೇಲೆ ಒಂದು ಹಿಡಿ ತೊಪ್ಪೆ ಆಚೆ ಹೋಗಂಗಿಲ್ಲ.”

ಯಜಮಾನ ಶಂಭುಲಿಂಗಪ್ಪನವರ ಕೂಗಿಗೆ ನರಸಮ್ಮ ಕೊಟ್ಟಿಗೆಯ ಬಾಗಿಲಲ್ಲೇ ನಿಂತಳು. ಮದುವೆಯಾಗಿ ಮಲ್ಲತ್ತಹಳ್ಳಿಗೆ ಬಂದಾಗಿನಿಂದ ಆ ಕೊಟ್ಟಿಗೆ ಬಳಿಯುತ್ತಿದ್ದವಳು ಅವಳೇ. ಕೂಲಿಯೆಂದರೆ ರಾತ್ರಿ ಉಳಿದ ಮುದ್ದೆ, ಮೇಲೊಂದು ಬುಟ್ಟಿ ತೊಪ್ಪೆ. ಅದನ್ನು ತಟ್ಟಿದ ಬೆರಣಿಯಲ್ಲೇ ಅವಳ ಒಲೆ ಉರಿಯುತ್ತಿತ್ತು. ಈಗ ಯಜಮಾನರು ಹಿತ್ತಿಲಲ್ಲಿ ಗುಂಡಿ ತೋಡಿಸಿ, ಕಬ್ಬಿಣದ ಡ್ರಮ್ಮು ಕವುಚಿ, ಗೋಬರ್ ಗ್ಯಾಸ್ ಮಾಡಿಸಿದ್ದರು. ದನಗಳು ಎಷ್ಟು ಹಾಕಿದರೂ ಆ ಗುಂಡಿಯ ಹೊಟ್ಟೆ ತುಂಬುತ್ತಿರಲಿಲ್ಲ.

ತಾನಿನ್ನು ಏನು ಉರಿಸಲಿ ಎಂದು ನರಸಮ್ಮ ಕೇಳಿದಳು. ಸೌದೆ ಕಡಿದರೆ ಕೆರೆ ಏರಿ ಬೋಳಾಗುತ್ತದೆ, ಬೆರಣಿ ಸುಟ್ಟರೆ ಹೊಲದ ಗೊಬ್ಬರ ಹೊಗೆಯಾಗಿ ಹೋಗುತ್ತದೆ, ಸೀಮೆಎಣ್ಣೆ ಸುಡು ಎಂದರು ಯಜಮಾನರು. ಮಾರೇನಹಳ್ಳಿವರೆಗೆ ನಡೆದು, ಕ್ಯೂ ನಿಂತು, ಖಾಲಿ ಡಬ್ಬ ಹಿಡಿದು ಬರುವುದು ಅವರ ಕಾಲಿಗೆ ಗೊತ್ತಿರಲಿಲ್ಲ.

“ನಮ್ ಕೇರಿಗೂ ಒಂದು ಪೈಪ್ ಬಿಡ್ಸಿ ಬುದ್ಧಿ. ತೊಪ್ಪೆ ಕಲ್ಸೋಳು ನಾನೇ ತಾನೆ.”

“ನಿನ್ ಗುಡಿಸ್ಲಿಗೆ ಪೈಪಾ? ನಾಳೆ ಫ್ಯಾನೂ ಕೇಳ್ತೀಯ, ಹೋಗೇ.”

ನರಸಮ್ಮ ಕತ್ತಾಳೆ ಪಟ್ಟೆ ಉರಿಸಿದಳು, ಹಳೇ ಸೈಕಲ್ ಟೈರನ್ನೂ ಉರಿಸಿದಳು. ಟೈರಿನ ಉರಿಯಲ್ಲಿ ಕಾಸಿದ ಸಾರು ಉಂಡ ಗಂಡ ಬೆಟ್ಟಯ್ಯ, ಇನ್ನು ಕೆಂಗೇರಿವರೆಗೂ ಪಂಚರ್ ಆಗದೆ ಹೋಗಿಬರಬಹುದು ಎಂದ.

ಗ್ಯಾಸ್ ನೋಡಲು ಜೀಪಿನಲ್ಲಿ ಆಫೀಸರು ಬಂದರು. ಊರಿಗೆಲ್ಲ ಕಾಣಲೆಂದು ಯಜಮಾನರು ಗ್ಯಾಸ್ ಒಲೆಯನ್ನು ಜಗಲಿಯ ಮೇಲೇ ಹಚ್ಚಿದ್ದರು. ಹೊಗೆಯಿಲ್ಲದ ಈ ನೀಲಿ ಉರಿ ಬಡ ತಾಯಂದಿರಿಗಾಗಿಯೇ ಬಂದಿದೆ ಎಂದು ಆಫೀಸರು ಭಾಷಣ ಮಾಡಿದರು. ಅಂಗಳದ ತುದಿಯಲ್ಲಿದ್ದ ನರಸಮ್ಮ ಮನೆಗೆ ಹೋಗಿ, ಎಸರಿನ ಮಡಕೆ ಹೊತ್ತು, ಸೆರಗಲ್ಲಿ ರಾಗಿಹಿಟ್ಟು ಕಟ್ಟಿಕೊಂಡು, ಮುದ್ದೆ ಕೋಲು ಹಿಡಿದು ಬಂದಳು. ಅವಳ ಕೇರಿಯವರ್ಯಾರೂ ಕಾಲಿಡದ ಜಗಲಿ ಹತ್ತಿ, ಮಡಕೆಯನ್ನು ಒಲೆಯ ಮೇಲಿಟ್ಟಳು. ಆಫೀಸರು ಚಪ್ಪಾಳೆ ತಟ್ಟಿ ಫೋಟೋ ತೆಗೆಸಿದರು. ಶಂಭುಲಿಂಗಪ್ಪನವರೂ ಹಲ್ಲು ಕಚ್ಚಿಕೊಂಡೇ ನಕ್ಕರು.

ಜೀಪು ಕೆರೆಯ ತಿರುವಿನಲ್ಲಿ ಮರೆಯಾಯಿತು.

“ಇಳಿಯೇ ಕೆಳಗೆ,” ಎಂದರು ಯಜಮಾನರು ಮೆಲ್ಲಗೆ.

“ಹಿಟ್ಟು ಹುಯ್ದಿದೀನಿ ಬುದ್ಧಿ. ಈಗ ಇಳ್ಸಿದ್ರೆ ಗಂಟಾಗ್ತದೆ.”

ಮಡಕೆ ಎತ್ತಿ ಎಸೆಯಬೇಕಾದರೆ ಅವರು ಅದನ್ನು ಮುಟ್ಟಬೇಕಿತ್ತು. ಗ್ಯಾಸ್ ನಿಲ್ಲಿಸುವ ತಿರುಪು ಅವಳ ಮೊಣಕಾಲಿನ ಹಿಂದಿತ್ತು, ಅವಳನ್ನೂ ಮುಟ್ಟಬೇಕಿತ್ತು. ಯಜಮಾನರು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತರು.

ನರಸಮ್ಮ ಕೋಲು ಊರಿ, ಮಡಕೆ ಅಲುಗುವಂತೆ ತೊಳಸಿದಳು. ಉರಿ ಚೆನ್ನಾಗಿತ್ತು. ಅಷ್ಟರಲ್ಲಿ ಅವಳ ಪಕ್ಕದ ಗುಡಿಸಲಿನ ಇಂದ್ರಮ್ಮ ತನ್ನ ಮಡಕೆಯೊಂದಿಗೆ ಮೆಟ್ಟಿಲು ಹತ್ತಿದಳು. ಅವಳ ಹಿಂದೆ ಅಂಗಳದಲ್ಲಿ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಕ್ಯೂ ನಿಲ್ಲತೊಡಗಿದರು.