ಆಟೋ ಒತ್ತಿದರೂ ಕಾಣದ ಎಡಗಡೆ

೧

ಎಲ್ಲಿಂದ ಶುರು ಮಾಡಲಿ? ಶಹಬಾಜನ ಕಣ್ಣಿನಿಂದಲೋ, ಕೈಯಿಂದಲೋ? ಕಣ್ಣಿನಿಂದ ಶುರು ಮಾಡಿದರೆ ನಿಮಗೆ ಎಲ್ಲವೂ ಮೊದಲ ಸಾಲಿನಲ್ಲೇ ತಿಳಿದುಹೋಗುತ್ತದೆ. (ತಿಳಿದೇಹೋಯಿತು. ಇರಲಿ.) ಕೈಯಿಂದಲೇ ಆಗಲಿ.

ಶಹಬಾಜನ ಕೈಯಲ್ಲಿ ಒಂದು ಪುಟ್ಟ ಗೇಮಿಂಗ್ ಪಿಸಿ ಇತ್ತು: ನಡುವೆ ಸ್ಕ್ರೀನು, ಎರಡೂ ಬದಿಗೆ ಗುಂಡಿಗಳು, ಒಳಗೆ ಪೂರಾ ಒಂದು ಕಂಪ್ಯೂಟರು. ಸೊಲ್ಲಾಪುರದ ಸೆಕೆಂಡ್‌ಹ್ಯಾಂಡ್ ಮಾಲು. ಆಳಂದದಿಂದ ಅಫಜಲಪುರಕ್ಕೆ ಬಾಡಿಗೆ ಕ್ರೂಸರ್ ಜೀಪು ಓಡಿಸುವ ಅವನು, ಸೀಟು ತುಂಬುವವರೆಗೆ ಅದನ್ನು ಸ್ಟೇರಿಂಗಿಗೆ ಆನಿಸಿಕೊಂಡು, ಕಾಡಿನಲ್ಲಿ ಅಡಗಿದ ಶತ್ರುಗಳನ್ನು ಹೊಡೆಯುವ ಆಟ ಆಡುತ್ತಿದ್ದ. ಈಚೆಗೆ ಆಟದಲ್ಲಿ ಸಾಯುತ್ತಲೇ ಇದ್ದ. ಪ್ರತಿ ಸಲವೂ ಎಡಗಡೆಯಿಂದ ಬಂದವನ ಕೈಯಲ್ಲಿ.

೨

ಆ ಪಿಸಿಯಲ್ಲಿ ‘ಆಟೋ’ ಎಂಬ ಗುಂಡಿಯಿದೆ. ಒತ್ತಿದರೆ ಯಂತ್ರ ತನ್ನ ಬ್ಯಾಟರಿ, ತನ್ನ ಕಾವು, ತನ್ನ ತಾಕತ್ತು ತಾನೇ ಅಳೆದುಕೊಂಡು, ಆಟ ತಡವರಿಸದಂತೆ ಸೆಟ್ಟಿಂಗ್ ಹೊಂದಿಸುತ್ತದೆ. ಸತ್ತಾಗಲೆಲ್ಲ ಶಹಬಾಜ ಅದನ್ನು ಒತ್ತಿದ. ಇನ್ನೂ ಸರಾಗ ಬೇಕೇ ಎಂದು ಅದು ಕೇಳಿದಾಗಲೆಲ್ಲ ಹೂಂ ಎಂದ. ಮೊದಲು ನೆರಳು ಹೋದವು. ಆಮೇಲೆ ಹುಲ್ಲು ಹೋಯಿತು, ದೂರದ ಗುಡ್ಡ ಹೋದವು. ಕಾಡು ಬೋಳಾಯಿತು. ಎಡಗಡೆಯವನು ಮಾತ್ರ ಕಾಣಲಿಲ್ಲ.

೩

(ಇಲ್ಲಿ ಜೇವರ್ಗಿಯಲ್ಲಿ ಕಳೆದ ಅವನ ಬಾಲ್ಯವಿತ್ತು. ಅನುವಾದಿತ ಕಾದಂಬರಿಗಳನ್ನು ಓದಿ ಓದಿ ಸಿಕ್ಕವರಿಗೆಲ್ಲ ಒಂದು ಬಾಲ್ಯ ಹೊಲಿಯುವ ಚಟ ನನಗೆ. ಕಿತ್ತೆ.)

೪

ಆಳಂದ ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ಅಂಗಡಿಯ ಗುರುಪಾದ ಪಿಸಿಯನ್ನು ತಿರುಗಿಸಿ ನೋಡಿದ. ತವರಿಗೆ ಹೊರಟಿದ್ದ ಶಹಬಾಜನ ಹೆಂಡತಿ ಶಮಶಾದ, ಗಂಡನ ಬಲಪಕ್ಕದಲ್ಲಿ ಕೌಂಟರಿಗೆ ಒರಗಿ ನಿಂತಿದ್ದಳು.

“ಏನ್ ಆಗ್ಯಾದ್ರಿ ಭಾಯ್?”

“ಸ್ಕ್ರೀನ್ ಕೆಟ್ಟದ. ಎಡಕ್ಕ ಏನೂ ಕಾಣವಲ್ದು.”

“ನನಗ ಛಲೋ ಕಾಣಾಕತ್ತದಲ್ರಿ. ಆಟೋ ಹಾಕಿ ನೋಡಿರೇನು?”

“ಆಟೋ ಹಾಕಿ ಹಾಕಿ ಕಾಡೇ ಬೋಳ ಆಗ್ಯಾದ ಲೇ!”

ಗುರುಪಾದ ಎಲ್ಲವನ್ನೂ ಮೊದಲಿನಂತೆ ಮಾಡಿ ಆಟೋ ಓಡಿಸಿದ. ಹುಲ್ಲು, ನೆರಳು ಮರಳಿದವು. ಹಸಿರು ಟಿಕ್ಕು ಬಿತ್ತು: ಯಂತ್ರದಲ್ಲಿ ಎಲ್ಲ ಸರಿಯಿದೆ. ಅವನು ಪಿಸಿಯನ್ನು ಶಮಶಾದಳ ಮುಂದೆ ಹಿಡಿದ.

“ಭಾಬಿ, ನೀವರೆ ನೋಡ್ರಿ.”

“ನನಗೆಲ್ಲಿ ತಿಳೀತದಪ್ಪ ಇದು,” ಎಂದು ನಕ್ಕವಳು, ಬೆರಳು ಚಾಚಿದಳು. “ಇಕಾ, ಎಡಕ್ಕ ಒಬ್ಬಾವ ನಿಂತಾನಲ್ಲ, ಬಂದೂಕ ಹಿಡಕೊಂಡು. ಇಷ್ಟ್ ದೊಡ್ಡಾವ. ಕಾಣಂಗಿಲ್ಲೇನ್ರಿ ನಿಮಗ?”

ಶಹಬಾಜ ನೋಡಿದ. ಅವಳ ಮೊಣಕೈ ಕಂಡಿತು. ಮಣಿಕಟ್ಟು ಕಂಡಿತು. ಬೆರಳು ಕಾಣಲಿಲ್ಲ.

ಕ್ರೂಸರಿನ ಎಡಗನ್ನಡಿ ಈಚೆಗೆ ಎರಡು ಸಲ ಮುರಿದಿತ್ತು. ಎರಡು ಸಲವೂ ಅವನು ಎತ್ತಿನ ಗಾಡಿಯವರನ್ನು ಬೈದಿದ್ದ.

೫

ಈಗ ಅವನು ತಿರುಗಿದ್ದು ಈ ಕಥೆ ಬರೆಯುತ್ತಿರುವ ನನ್ನ ಕಡೆಗೆ.

“ಸಾಹೇಬ್ರ, ಸ್ಕ್ರೀನೇ ಕೆಟ್ಟದ ಅಂತ ಬರೀರಿ.”

“ಕೆಟ್ಟಿಲ್ಲವಲ್ಲ.”

“ಬರದ್ರ ನಿಮ್ಮ ಗಂಟೇನ್ ಹೋಗ್ತದ? ಗಾಡಿ ಬಿಟ್ರ ನನಗ ಏನ್ ಬರ್ತದ್ರಿ? ಮನ್ಯಾಗ ಕುಂತು ಗೋಡಿ ನೋಡ್ಲೇನು? ಅದೂ ಅರ್ಧ ಗೋಡಿ?”

ಬರೆದೆ.

೫ (ಅವನು ಕೇಳಿದಂತೆ)

ಸ್ಕ್ರೀನೇ ಕೆಟ್ಟಿತ್ತು. ಗುರುಪಾದ ಬೇರೆ ಹಾಕಿದ. ಶಹಬಾಜ ಸಿಳ್ಳೆ ಹೊಡೆಯುತ್ತ ಕ್ರೂಸರ್ ಏರಿದ. ಒಳಗೆ ಜನ ಒತ್ತಾಗಿ ತುಂಬಿದ್ದರು. ಊರು ದಾಟಿದ ಮೇಲೆ, ರಸ್ತೆಯ ಎಡಕ್ಕೆ, ಆಗಷ್ಟೇ ಶಾಲೆ ಬಿಟ್ಟಿತ್ತು.

ಇಲ್ಲ. ಈ ಭಾಗವನ್ನು ಹೊಡೆದುಹಾಕಿದ್ದೇನೆ. ಸ್ಕ್ರೀನು ಕೆಟ್ಟಿಲ್ಲ.

೬

ಬೇರೆ ಕೊನೆಗಳೂ ಇವೆ.

ಶಮಶಾದ ಗಾಡಿಯ ಕೀಲಿ ಕಸಿದುಕೊಳ್ಳುತ್ತಾಳೆ. (ಅವಳೇ ಒಪ್ಪಲಿಲ್ಲ. “ಮಂದಿ ಮುಂದ ನನ್ನ ಗಂಡನ ಮರ್ಯಾದಿ ಕಳೀಲೇನು? ಧೈರ್ಯ ಇದ್ರ ನೀವೇ ಬಂದು ಕಸ್ಕೋರಿ.” ನನಗೆ ಧೈರ್ಯವಿಲ್ಲ.)

ಕಲಬುರಗಿಯಲ್ಲಿ ಡಾಕ್ಟರು ಕಣ್ಣಿಗೆ ಹನಿ ಹಾಕುತ್ತಾರೆ, ಎಡಗಡೆ ಮರಳುತ್ತದೆ. (ಓದುವವರಿಗೆ ಹಿತ. ಇದು ಆಟೋ ಒತ್ತಿ ಬರೆದ ಕೊನೆ.)

೭

ಹೊರಗಿನಿಂದ ಯಾರೋ ಕೂಗಿದರು: “ಡ್ರೈವರ್ ಸಾಬ, ಬಿಡ್ತೀರೋ, ಇಲ್ಲೇ ಮುಕ್ಕಾಂ ಹಾಕ್ತೀರೋ?”

ಶಹಬಾಜ ಪಿಸಿಯನ್ನು ಅಲ್ಲೇ ಬಿಟ್ಟು ನಡೆದ. “ಭಾಯ್...” ಎಂದ ಗುರುಪಾದ, ಪಿಸಿಯ ಸ್ಕ್ರೀನು ಒರೆಸತೊಡಗಿದ.

ಯಾವಾಗಲೂ ಹಿಂದೆ ಹೆಂಗಸರ ಜೊತೆ ಕೂರುವ ಶಮಶಾದ, ಮುಂದಿನ ಸೀಟಿನಲ್ಲಿ ಕೂತಿದ್ದ ಮುದುಕನನ್ನು ಎಬ್ಬಿಸಿ, ಗಂಡನ ಎಡಕ್ಕೆ ಕೂತಳು. ಅವನ ಮುಖ ನೋಡಲಿಲ್ಲ. ಗಾಡಿ ಹೊರಟಿತು. ಅವಳು ಗಾಜಿನ ಮೇಲೆ ಕಣ್ಣಿಟ್ಟು ಕೆಳದನಿಯಲ್ಲಿ ಏನೋ ಹೇಳತೊಡಗಿದಳು. ಹಿಂದಿನವರು ದುವಾ ಎಂದುಕೊಂಡರು.

ಓದುಗರೇ, ಕೊನೆ ಏನೆಂದು ಕೇಳಬೇಡಿ. ನಾನು ಪೂರ್ಣವಿರಾಮ ಇಟ್ಟರೆ ಅವಳು ಬಾಯಿ ಮುಚ್ಚಬೇಕಾಗುತ್ತದೆ. ಅಫಜಲಪುರ ಇನ್ನೂ ದೂರವಿದೆ.

“ಎಡಕ್ಕ ಸೈಕಲ್, ಎಡಕ್ಕ ಎಮ್ಮಿ, ಎಡಕ್ಕ ಕಬ್ಬಿನ ಟ್ರಾಕ್ಟರ್ ನಿಂತದ, ಈಗ ಯಾರಿಲ್ಲ, ಯಾರಿಲ್ಲ, ಎಡಕ್ಕ ಒಂದು ಹುಡುಗಿ, ಓಡಾಕತ್ತಾಳ, ಎಡಕ್ಕ