ಬೂದು ಕೋಟಿನವನು

ಸಿನಿಮಾ ನೋಡಿದರೆ ನನಗೆ ಮುಖ ನೆನಪಿರುವುದಿಲ್ಲ, ಬಟ್ಟೆ ನೆನಪಿರುತ್ತದೆ. ಹೊಲಿಗೆ ಯಂತ್ರದ ಮುಂದೆ ಕೂತೇ ತಲೆಗೂದಲು ನರೆತವಳ ಕಣ್ಣು ಇನ್ನೆಲ್ಲಿಗೆ ಹೋದೀತು? ನಮ್ಮ ಅಂಗಡಿಯಲ್ಲಿ ಅಕ್ಕ ಬಟ್ಟೆ ಕತ್ತರಿಸುತ್ತಾಳೆ, ನಾನು ಹೊಲಿಯುತ್ತೇನೆ. ರಜೆಯ ದಿನ ಇಬ್ಬರೂ ಸಿನಿಮಾಕ್ಕೆ ಹೋಗುವುದು, ಮರುದಿನದಿಂದ ಅದರ ಮೇಲೆ ಜಗಳವಾಡುವುದು. "ಹೀರೋ ಅಂಗಿ ಬದಲಾಯಿಸಿದ್ರೆ ಇವಳಿಗೆ ಬೇರೆಯವನು ಬಂದ ಹಾಗೆ" ಎಂದು ಅಕ್ಕ ಗಿರಾಕಿಗಳ ಮುಂದೆಯೇ ಆಡಿಕೊಳ್ಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಂಥ ಅಕ್ಕನಿಗೆ ಚಳಿಗಾಲದಲ್ಲಿ ಲಕ್ವ ಹೊಡೆಯಿತು. ಕೈಕಾಲು ಸುಧಾರಿಸಿ ಮತ್ತೆ ಕತ್ತರಿ ಹಿಡಿದಳು, ಮಾತು ಮಾತ್ರ ತೊದಲುತ್ತಿತ್ತು. ಅದನ್ನು ಕೇಳಿ ಗಿರಾಕಿಯೊಬ್ಬಳು ಕಿಸಕ್ಕನೆ ನಕ್ಕಳು ನೋಡಿ, ಅಂದಿನಿಂದ ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ. "ತಪ್ಪೋ ಸರಿಯೋ, ಮಾತಾಡ್ಬೇಕು. ಹೀಗೇ ಬಾಯಿ ಮುಚ್ಕೊಂಡಿದ್ರೆ ಬರೋ ಮಾತೂ ಬರಲ್ಲ" ಎಂದರು ಡಾಕ್ಟರು. ನಾನೂ ಭಾವನೂ ಕಾಡಿದೆವು, ಬೇಡಿದೆವು, ಅತ್ತೆವು. ಊಹೂಂ.

ಮೊನ್ನೆ ಭಾವ ಹಟ ಹಿಡಿದು ನಮ್ಮಿಬ್ಬರನ್ನೂ ಸಿನಿಮಾಕ್ಕೆ ಕರೆದೊಯ್ದರು. ಯುದ್ಧಕ್ಕೆ ಹೋದ ಅಣ್ಣತಮ್ಮಂದಿರ ಕಥೆ. ಮರುದಿನ ಬೆಳಿಗ್ಗೆ ಅಂಗಡಿಗೆ ಟೀ ತಂದವರೇ ಕೇಳಿದರು, "ಇಂಟರ್‌ವಲ್ ಆದ್ಮೇಲೆ ನಾನು ನಿದ್ದೆ ಹೋಗ್ಬಿಟ್ಟೆ ಕಣಮ್ಮಾ. ಕೊನೆಗೇನಾಯ್ತು?"

"ಅಯ್ಯೋ ಭಾವ, ನನ್ನ ಕರುಳೇ ಕಿತ್ತು ಬಂತು! ಪಾಪ, ಆ ತಮ್ಮ ಸತ್ತೇಹೋದ. ಬೂದು ಕೋಟಿನ ಅಣ್ಣ ಇದ್ನಲ್ಲ, ಅವನು ಮನೆಗೆ ಬಂದು ಅಮ್ಮನ್ನ ತಬ್ಕೊಂಡ. ಅಷ್ಟೇ ಸಮಾಧಾನ."

"ಓ, ಅಣ್ಣ ಬದುಕಿದ್ನಾ?"

ಅಕ್ಕನ ಕತ್ತರಿ ನಿಂತಿತು. ನಾನು ಅತ್ತ ಲಕ್ಷ್ಯ ಕೊಡಲಿಲ್ಲ.

"ಬದುಕಿದ್ದ ಭಾವ! ಅದೇ ಕೋಟು, ಮೊಣಕೈಗೆ ಅದೇ ತೇಪೆ. ನನ್ನ ಕಣ್ಣೇನು ಸುಳ್ಳು ಹೇಳುತ್ತಾ?"

ಅಕ್ಕ ಕತ್ತರಿಯನ್ನು ಮೇಜಿಗೆ ಕುಕ್ಕಿದಳು. "ತ... ತಮ್ಮ!"

"ಯಾವ ತಮ್ಮ?"

"ಅಣ್ಣ... ಸತ್ತ. ಅವನ ಕೋಟು... ತಮ್ಮ ಹಾ... ಹಾಕ್ಕೊಂಡ. ದಡ್ಡಿ!"

"ಯಾರೇ ದಡ್ಡಿ? ಆ ಕೋಟಿನ ಭುಜ..." ಎಂದು ಎಗರಿದವಳಿಗೆ ಆಗ ನೆನಪಾಯಿತು, ಕೊನೆಯ ದೃಶ್ಯದಲ್ಲಿ ಭುಜದ ಹೊಲಿಗೆ ಜೋತುಬಿದ್ದಿತ್ತು. ಕೋಟಿನ ಅಳತೆ ತೊಟ್ಟವನದಲ್ಲ. ನಾನೋ, ಪಾಪ, ಅಣ್ಣ ಕೊರಗಿ ಕೊರಗಿ ಸಣ್ಣಗಾಗಿದ್ದಾನೆ ಎಂದುಕೊಂಡು ಅತ್ತಿದ್ದೆ!

ಭಾವನ ಕಡೆ ತಿರುಗಿದೆ. ಲೋಟ ಓರೆಯಾಗಿ ಟೀ ಪ್ಯಾಂಟಿನ ಮೇಲೆ ಸುರಿಯುತ್ತಿತ್ತು, ಅವರಿಗೆ ಪರಿವೆಯೇ ಇಲ್ಲ. ಅಕ್ಕನನ್ನೇ ನೋಡುತ್ತಿದ್ದರು. ಆಗ ಹೊಳೆಯಿತು ನನಗೆ, ಬೈದದ್ದು ಯಾರೆಂದು.

ಅಷ್ಟರಲ್ಲಿ ಗಿರಾಕಿಯೊಬ್ಬರು ಒಳಗೆ ಬಂದರು. ಮುಗಿಯಿತು, ಇನ್ನು ಅಕ್ಕ ಬಾಯಿ ಮುಚ್ಚುತ್ತಾಳೆ ಎಂದುಕೊಂಡೆ. ಅಕ್ಕ ಕೆಂಪಾದಳು, ಉಗುಳು ನುಂಗಿದಳು. ಆಮೇಲೆ ನನ್ನತ್ತ ಬೆರಳು ಮಾಡಿ, "ನೋ... ನೋಡಿ, ಅಂಗಿ ಬದಲಾದ್ರೆ ಇವಳಿಗೆ..." ಎಂದು ಶುರುಮಾಡಿದಳು.

ಆ ವಾಕ್ಯ ಮುಗಿಯಲು ಬಹಳ ಹೊತ್ತು ಹಿಡಿಯಿತು. ಮುಗಿಯುವವರೆಗೂ ಯಾರೂ ನಗಲಿಲ್ಲ. ಮುಗಿದ ಮೇಲೆ ಮೊದಲು ನಕ್ಕವಳು ನಾನು.