ಒಂಟಿ ಚಪ್ಪಲಿಯ ದೇವತೆ

"ಇವತ್ತೂ ಕನಸು ಬೀಳಲಿಲ್ಲ," ಎಂದಳು ಹೆಂಡತಿ, ಬಾಚಣಿಗೆಗೆ ಸುತ್ತಿಕೊಂಡ ಕೂದಲನ್ನು ಬಿಡಿಸುತ್ತ. "ನಾಲ್ಕು ದಿನ ಆಯ್ತು."

"ಸುಸ್ತಾಗಿರತ್ತೆ. ಬರತ್ತೆ ಬಿಡು," ಎಂದು ಅವನು ಶೂ ಲೇಸು ಕಟ್ಟಲು ಬಗ್ಗಿದ. ಲೇಸು ಕಟ್ಟಿಯೇ ಇತ್ತು.

ಆರು ವರ್ಷದ ಹಿಂದೆ ಜ್ವರದಲ್ಲಿ ತೀರಿಕೊಂಡ ಮಗಳು ಅವಳ ಕನಸಿಗೆ ಮಾತ್ರ ಬರುತ್ತಿದ್ದಳು. ಅಲ್ಲಿ ಬೆಳೆಯುತ್ತಲೂ ಇದ್ದಳು. ಹೋದಾಗ ನಾಲ್ಕು, ಈಗ ಹತ್ತು. ಹಲ್ಲು ಬಿದ್ದದ್ದು, ಸೈಕಲ್ ಕಲಿತದ್ದು, ಅಪ್ಪನ ಮೇಲೆ ಮುನಿಸಿಕೊಂಡದ್ದು, ಎಲ್ಲವನ್ನೂ ಹೆಂಡತಿ ಬೆಳಿಗ್ಗೆ ತಲೆ ಬಾಚುತ್ತ ಹೇಳುತ್ತಿದ್ದಳು. ಅವನಿಗೆ ಕನಸೇ ಬೀಳುವುದಿಲ್ಲ, ಮಲಗಿದರೆ ಕೊರಡು. ಹಾಗಾಗಿ ಅವನು ಮಗಳನ್ನು ನೋಡುತ್ತಿದ್ದುದೂ ಆ ಹತ್ತು ನಿಮಿಷದಲ್ಲೇ, ಹೆಂಡತಿಯ ಬಾಯಲ್ಲಿ.

ನೋಡಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅವನು ಬರೆದುಕೊಂಡ.

ದೇವರುಗಳನ್ನು ಮಾಡುವುದು ಅವನ ಕೆಲಸ. ಆಟದ ಪುಸ್ತಕಗಳ ಕಂಪನಿ. ನಾಲ್ಕೈದು ಜನ ಮೇಜಿನ ಸುತ್ತ ಕೂತು, ನೀನು ಯೋಧ, ನೀನು ಮಾಟಗಾತಿ ಎಂದು ವೇಷ ಹಂಚಿಕೊಂಡು, ಕತೆ ಕಟ್ಟುತ್ತ ಆಡುವ ಆಟ. ಸಾವು ಬದುಕು ಇಪ್ಪತ್ತು ಮುಖದ ದಾಳಕ್ಕೆ ಬಿಟ್ಟದ್ದು. ಆ ಲೋಕಕ್ಕೂ ಧರ್ಮಗಳು ಬೇಕಲ್ಲ. ಯಾವ ದೇವರನ್ನೂ ನಂಬದ ಅವನು ಈಗಾಗಲೇ ಹತ್ತು ಧರ್ಮಗಳನ್ನು ಹೇಳಿದ ಹೊತ್ತಿಗೆ ಮುಗಿಸಿಕೊಟ್ಟಿದ್ದ. ಆಫೀಸಿನಲ್ಲಿ ಎಲ್ಲರೂ ಅವನನ್ನು 'ಗುರುಗಳೇ' ಎನ್ನುತ್ತಿದ್ದರು.

ಹನ್ನೊಂದನೆಯದು ಕನಸಿನ ಪಂಥ. ಅದರ ದೇವತೆ ಒಂದು ಹೆಣ್ಣುಮಗು. ತಲೆಯ ಬಳಿ ಒಂದು ಲೋಟ ನೀರು, ಹೊಸ್ತಿಲಾಚೆ ಒಂಟಿ ಚಪ್ಪಲಿ ಇಟ್ಟು, ದಾಳ ಉರುಳಿಸಿ ಮಲಗಿದರೆ ಅವಳು ಕನಸಿಗೆ ಬರುತ್ತಾಳೆ. ಮಗಳ ಹೆಸರು, ಕಣ್ಣು, ಕೂದಲು ಎಲ್ಲ ಬದಲಿಸಿದ್ದ. ಕೆಂಪು ಪಟ್ಟಿಯ ಎಡಗಾಲಿನ ಚಪ್ಪಲಿಯನ್ನು ಬದಲಿಸುವುದು ಮರೆತಿದ್ದ. ಬಲಗಾಲಿನದು ಆಸ್ಪತ್ರೆಗೆ ಓಡುವಾಗ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

ನಾಲ್ಕು ದಿನದ ಹಿಂದೆ ಕರಡು ಪ್ರತಿಯನ್ನು ಊಟದ ಮೇಜಿನ ಮೇಲೆ ಬಿಟ್ಟು ಹೋಗಿದ್ದ. ಸಂಜೆ ಬಂದಾಗ ಹಾಳೆಗಳ ಅಂಚು ನೇರವಾಗಿ ಜೋಡಿಸಿತ್ತು. ಅವನು ಅವುಗಳನ್ನು ಹಾಗೇ ಚೀಲಕ್ಕೆ ಸೇರಿಸಿದ.

ಆಫೀಸಿನಲ್ಲಿ ಇವತ್ತು ಆ ಅಧ್ಯಾಯವನ್ನು ಆಡಿ ನೋಡುವ ದಿನ. ಮಾರಾಟದವನು ಯೋಧ, ಚಿತ್ರ ಬರೆಯುವವಳು ಮಾಟಗಾತಿ, ಕತೆ ನಡೆಸುವವನು ಕಂಪನಿಯ ಯಜಮಾನ.

"ಬಾಗಿಲು ತೆರೀತು," ಯಜಮಾನ ಓದಿದ. "ಕನಸಲ್ಲಿ ಮಗು ನಿಂತಿದೆ. ಒಂದೇ ಕಾಲಿಗೆ ಚಪ್ಪಲಿ."

"ಅದರ ಹತ್ರ ಏನಿದೆ?" ಎಂದ ಮಾರಾಟದವನು.

"ಏನೂ ಇಲ್ಲ."

"ಹಾಗಾದ್ರೆ ಹೊಡೀತೀನಿ. ದೇವತೆ ಅಲ್ವಾ, ಶಕ್ತಿನಾದ್ರೂ ಸಿಗತ್ತೆ."

"ಪಾಪ ಕಣ್ರೀ," ಎಂದು ಚಿತ್ರದವಳು ನಕ್ಕಳು. ದಾಳ ಉರುಳಿತು. ಹತ್ತೊಂಬತ್ತು, ಮಗು ಸಾಯಲು ಸಾಕು.

ಅವನು ಕುರ್ಚಿಯಿಂದ ಅರ್ಧ ಎದ್ದ. "ಅವಳನ್ನ ಹೊಡೆಯೋಕಾಗಲ್ಲ," ಎಂದ.

"ಹಾಗಂತ ಎಲ್ಲಿ ಬರೆದಿದೀರಾ, ಗುರುಗಳೇ?"

ಎಲ್ಲೂ ಬರೆದಿರಲಿಲ್ಲ. ಬರೆಯಬೇಕಾದೀತು ಎಂದು ತೋಚಿಯೇ ಇರಲಿಲ್ಲ.

ಯಜಮಾನನಿಗೆ ಮಾತ್ರ ಖುಷಿಯಾಗಿತ್ತು. "ಚೆನ್ನಾಗಿ ಬಂತು. ಒಂದು ಸಾಲು ಸೇರಿಸಿಬಿಡಿ. ಒಂದ್ಸಲ ಸತ್ರೆ ಅವಳು ಮತ್ತೆ ಯಾರ ಕನಸಿಗೂ ಬರಲ್ಲ ಅಂತ. ಮೂರು ಗಂಟೆಗೆ ಪ್ರೆಸ್ಸಿಗೆ ಹೋಗತ್ತೆ."

ಈ ಪಂಥವೇ ಬೇಡ, ತೆಗೆದುಬಿಡೋಣ ಎಂಬ ಮಾತು ಬಾಯಿತನಕ ಬಂತು. "ಆಯ್ತು," ಎಂದ. ಸಾಲು ಸಲೀಸಾಗಿ ಬಂತು. ಒಂದು ಪದವನ್ನೂ ತಿದ್ದಬೇಕಾಗಲಿಲ್ಲ. ಅದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ತಲೆನೋವೆಂದು ಹೇಳಿ ನಾಲ್ಕಕ್ಕೇ ಹೊರಟ.

ಮನೆಯ ಹೊಸ್ತಿಲಾಚೆ ಎಡಗಾಲಿನ ಪುಟ್ಟ ಚಪ್ಪಲಿ. ಕೆಂಪು ಪಟ್ಟಿಯ ಧೂಳನ್ನು ಯಾರೋ ಒರೆಸಿದ್ದರು. ಯಾರೋ ಏನು, ಮನೆಯಲ್ಲಿದ್ದವಳು ಒಬ್ಬಳೇ.

ಹೆಂಡತಿ ಮಂಚದ ಮೇಲೆ ಮಲಗಿದ್ದಳು. ತಲೆಯ ಬಳಿ ಲೋಟದಲ್ಲಿ ನೀರು. ಕೈಯಲ್ಲಿ ಅವನ ಡ್ರಾಯರಿನ ದಾಳ.

"ಬಂದ್ರಾ? ಚಪ್ಪಲಿ ತುಳಿಲಿಲ್ಲ ತಾನೆ?"

"ಇದೇನೇ ಇದು?"

"ನೀವೇ ಬರೆದಿರೋದಲ್ವಾ."

"ಅದು ಆಟ ಕಣೇ. ಹೊಟ್ಟೆಪಾಡಿಗೆ ಏನೋ ಕಟ್ಟಿದ್ದು."

"ನಿಮ್ಮ ಪುಸ್ತಕದಲ್ಲಿ ಅವಳನ್ನ ನೋಡಿದ ಮೇಲೆ ಅವಳು ಇಲ್ಲಿಗೆ ಬಂದಿಲ್ಲರೀ. ಅಲ್ಲಿಂದಾನೇ ಕರೀಬೇಕಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಅವನು ಹೇಗೋ ಸಂಭಾಳಿಸುತ್ತಿದ್ದ. "ಎಷ್ಟು ಬೀಳಬೇಕು? ಆ ಹಾಳೆ ಮೇಜಿನ ಮೇಲಿದ್ದದ್ದರಲ್ಲಿ ಇರಲಿಲ್ಲ."

ಪ್ರೆಸ್ಸಿನಲ್ಲಿ ಈಗ ಆ ಸಾಲು ಅಚ್ಚಾಗುತ್ತಿರಬೇಕು. "ಹದಿನೈದು," ಎಂದ. "ಹದಿನೈದರ ಮೇಲೆ ಬಿದ್ರೆ ಬರ್ತಾಳೆ."

ಅವಳು ದಾಳ ಉರುಳಿಸಿ ಕಣ್ಣು ಮುಚ್ಚಿದಳು. ಅದು ಹಾಸಿಗೆಯ ಅಂಚಿನಿಂದ ನೆಲಕ್ಕೆ ಬಿದ್ದು ಮಂಚದ ಕೆಳಗೆ ಓಡಿತು.

ಅವನು ಬೋರಲು ಮಲಗಿ ಕೈ ಚಾಚಿದ. ಧೂಳು, ಒಂದು ಹೇರ್‌ಪಿನ್, ಗೋಡೆ. ಗೋಡೆಯ ಬುಡದಲ್ಲಿ ದಾಳ ಬೆರಳಿಗೆ ತಾಗಿತು. ತಾಗಿದ್ದೇ ತಡ, ಮುಷ್ಟಿ ಮುಚ್ಚಿಕೊಂಡಿತು.

"ಸಿಕ್ತಾ?" ಮೇಲಿನಿಂದ ಅವಳು ಕೇಳಿದಳು.

"ಇಲ್ಲ."

"ಸಿಕ್ಕಿದ್ರೆ ಕದಲಿಸಬೇಡಿ. ಎಷ್ಟು ಬಿದ್ದಿದೆ ಅಂತ ಅಲ್ಲೇ ನೋಡಿ ಹೇಳಿ."

"ಹುಡುಕ್ತಾ ಇದೀನಿ," ಎಂದ.

ದಾಳದ ಮೂಲೆ ಅಂಗೈಗೆ ಚುಚ್ಚುತ್ತಿತ್ತು. ಅವನು ಕೈಯನ್ನು ಹೊರಗೆಳೆಯಲಿಲ್ಲ.